ವರ್ಲಿನ್ ಕಾಲೆತ್ತಿದ ಶನಿವಾರ

ವರ್ಜೀನಿಯಾದ ನಮ್ಮ ಪೈನಿ ಫೋರ್ಕ್ ರೇಸ್ ಟ್ರ್ಯಾಕಿನಲ್ಲಿ ವರ್ಲಿನ್ ಹಾಜ್ ಸೋಲದ ಶನಿವಾರವೇ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಈ ಸೇವೆಯನ್ನು ಅವನು ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದ. ವಾರವಿಡೀ ಮರದ ಮಿಲ್ಲಿನಲ್ಲಿ ದುಡಿಯುವುದು, ಶನಿವಾರ ಕಾರನ್ನು ಟ್ರ್ಯಾಕಿನ ಗೋಡೆಗೆ ಗುದ್ದುವುದು, ಭಾನುವಾರ ಚರ್ಚಿನಲ್ಲಿ ದೇವರಿಗೆ ದೂರು ಹೇಳುವುದು. ತಪ್ಪು ಯಾವತ್ತೂ ಟಯರಿನದೇ.

ಅವನ ಹೆಂಡತಿ ಮೇವಿಸ್ ಗ್ಯಾಲರಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಪ್ರತಿ ಸುತ್ತಿಗೂ ಅವಳದು ಒಂದೇ ಕೂಗು: "ತಿರುವಿಗೆ ಮುಂಚೆ ಆಕ್ಸಿಲರೇಟರ್ ಮೇಲಿಂದ ಕಾಲೆತ್ತೋ ಮಾರಾಯಾ!"

ಮನೆಗೆ ಬಂದ ಮೇಲೆ ವರ್ಲಿನ್‌ನದೂ ಒಂದೇ ಉತ್ತರ: "ಇದೇನು ನಿನ್ನ ಹೊಲಿಗೆ ಮಷೀನಾ, ಬೇಕಾದಾಗ ಕಾಲೆತ್ತೋಕೆ?"

ಕೊನೆಗೆ ಅವನ ಮಂಡಿ ಕೈಕೊಟ್ಟಿತು. ಕಾರನ್ನು ಪಕ್ಕದ ಊರಿನ ಕೋಯ್ ಎಂಬ ಹುಡುಗನಿಗೆ ಮಾರಿಯೂ ಆಯಿತು. ಭಾನುವಾರ ಬಂದು ಒಯ್ಯುವವನಿದ್ದ. ಉಳಿದದ್ದು ಒಂದೇ ರೇಸು. ಒಂದಾದರೂ ಕಪ್ ಮನೆಗೆ ಬರಲೆಂದು ಮೇವಿಸ್ ಟಿವಿ ಮೇಲಿನ ಹಲಗೆಯನ್ನು ಮದುವೆಯಾದಾಗಿನಿಂದ ಖಾಲಿ ಇಟ್ಟಿದ್ದಳು.

ರೇಸಿಗೆ ಮೊದಲು ಒಬ್ಬೊಬ್ಬರೇ ಓಡಿಸಿ ವೇಗ ತೋರಿಸಬೇಕು. ಆಮೇಲೆ ಮೊದಲ ಎಂಟು ಕಾರುಗಳ ಸಾಲನ್ನು ತಿರುಗುಮುರುಗು ಮಾಡುವುದು ನಮ್ಮಲ್ಲಿ ಪದ್ಧತಿ: ಎಂಟನೆಯವನು ಮುಂದೆ, ಎಲ್ಲರಿಗಿಂತ ವೇಗದವನು ಎಂಟನೆಯ ಜಾಗದಲ್ಲಿ. ಹಾಗಾಗಿ ಬುದ್ಧಿವಂತರು ಬೇಕೆಂದೇ ನಿಧಾನ ಹೋಗುತ್ತಾರೆ. ಅಷ್ಟು ವರ್ಷಕ್ಕೆ ವರ್ಲಿನ್‌ಗೂ ಬುದ್ಧಿ ಬಂತು.

"ಮೇವಿಸ್, ಇವತ್ತು ಬೇಕಂತಲೇ ನಿಧಾನ ಹೋಗ್ತೀನಿ."

"ಅದಕ್ಕೂ ನೀನು ಕಷ್ಟಪಡಬೇಕಾ?"

ಹೋದ. ಪ್ರತಿ ತಿರುವಿಗೂ ಮುಂಚೆ ಕಾಲೆತ್ತಿದ. ಯಾವಾಗಲೂ ಗೋಡೆ ಕಡೆ ಜಾರುವ ಕಾರು ಅಂದು, ಸಂಜೆ ಕೊಟ್ಟಿಗೆಗೆ ಮರಳುವ ಹಸುವಿನ ಹಾಗೆ ಒಳಗಿನ ದಾರಿಯನ್ನೇ ಹಿಡಿದು ಬಂತು. ಮೈಕಿನಲ್ಲಿ ಕೂಗಿದರು: ಎಲ್ಲರಿಗಿಂತ ವೇಗ, ವರ್ಲಿನ್ ಹಾಜ್! ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಮೇವಿಸ್ ಮಾತ್ರ ತನ್ನ ಚೀಸ್ ಸ್ಯಾಂಡ್‌ವಿಚ್ ನಿಧಾನವಾಗಿ ತಿಂದು ಮುಗಿಸಿ, ಬೇಲಿಯ ಹತ್ತಿರ ಹೋದಳು.

"ಈಗಲಾದ್ರೂ ಗೊತ್ತಾಯ್ತಲ್ಲ? ಹಾಗೇ ಓಡ್ಸು, ಗೆಲ್ತೀಯ."

"ಅವರ ಗಡಿಯಾರ ಕೆಟ್ಟಿದೆ ಕಣೇ," ಎಂದ ವರ್ಲಿನ್.

ಹಾಗಂದರೂ ರೇಸಿನಲ್ಲಿ ಕಾಲೆತ್ತಿಯೇ ಓಡಿಸಿದ. ಎಂಟರಿಂದ ಐದು, ಐದರಿಂದ ಎರಡು. ನಾನು ಬೆಂಚಿನ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಕೊನೆಯ ಸುತ್ತಿನಲ್ಲಿ ಮುಂದಿನವನ ಪಕ್ಕಕ್ಕೇ ಬಂದ. ಗೆದ್ದರೆ ಕಪ್ ಇವನದು, ಆದರೆ ಇಪ್ಪತ್ತು ವರ್ಷದ ವಾದದಲ್ಲಿ ಗೆಲುವು ಹೆಂಡತಿಯದು. ಅದು ನೆನಪಾಗಿರಬೇಕು. ಮೂರನೆಯ ತಿರುವಿನಲ್ಲಿ ಪುಣ್ಯಾತ್ಮ ಕಾಲೆತ್ತಲಿಲ್ಲ. ಗೋಡೆ ಹಳೆಯ ಪರಿಚಯದ ಮೇಲೆ ಅವನನ್ನು ಬರಮಾಡಿಕೊಂಡಿತು.

ಮೇವಿಸ್ ಓಡಿದಳು. "ಪೆಟ್ಟಾಯ್ತಾ?"

"ಟಯರು," ಎಂದ. ಅವನ ಕಣ್ಣು ತುಂಬಿತ್ತು. ನನಗೂ ಅಳು ಬಂತು, ಜೊತೆಗೆ ಅವನ ಹೆಲ್ಮೆಟ್ ಮೇಲೆ ಎರಡು ಬಾರಿಸುವಷ್ಟು ಸಿಟ್ಟೂ ಬಂತು.

ಮರುದಿನ ಚರ್ಚ್ ಮುಗಿಸಿ ಅವರ ವರಾಂಡದಲ್ಲಿ ಕೂತಿದ್ದೆವು. ಕೋಯ್ ನಜ್ಜುಗುಜ್ಜಾದ ಕಾರನ್ನು ಟ್ರೇಲರಿಗೆ ಏರಿಸಿದ. ವರ್ಲಿನ್ ಬಿಚ್ಚಿಟ್ಟಿದ್ದ ಸ್ಟೀರಿಂಗನ್ನು ಅವನ ಕೈಗೆ ಕೊಟ್ಟು, ಗುರುವಿನ ಗತ್ತಿನಲ್ಲಿ ಹೇಳಿದ: "ತಿರುವಿಗೆ ಮುಂಚೆ ಕಾಲೆತ್ತಬೇಕಪ್ಪಾ. ಇಷ್ಟು ವರ್ಷ ಓಡಿಸಿ ಕಂಡುಕೊಂಡಿದ್ದು."

ಟೀ ಬಗ್ಗಿಸುತ್ತಿದ್ದ ಮೇವಿಸ್ ಕೈ ನಿಲ್ಲಿಸಿದಳು. "ಯಾರು ಕಂಡುಕೊಂಡಿದ್ದು?"

ವರ್ಲಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾವು," ಎಂದ.

ಆ ಮನೆಗೆ ಬಂದ ಗೆಲುವು ಅದೊಂದೇ. ಅದರಲ್ಲೂ ಅರ್ಧ ಅವನೇ ಇಟ್ಟುಕೊಂಡ.