ಒಲೆಯ ಮುಂದೆ ಕೂತ ಪ್ರಶ್ನೆ

ಪುಸ್ತಕ ಮುಚ್ಚಿಟ್ಟು ಮಕ್ಕಳಿಗೆ ಏನಾದರೂ ಕೇಳುವ ಚಟ ನನಗಿತ್ತು. ನಿಜಾಮರ ಕಾಲದಲ್ಲಿ ಅಫಜಲಪುರದ ಕಡೆ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ಒಂದು ಮಧ್ಯಾಹ್ನ ಕನ್ನಡದಲ್ಲೇ ಕೇಳಿಬಿಟ್ಟೆ: “ಯಾರ ಅಪ್ಪಣಿನೂ ಇಲ್ಲದ, ನಿಮ್ಮ ಮನಸ್ಸಿಗಿ ಬಂದಂಗ ನೀವು ಮಾಡೂದು ಏನದ? ಅದನ್ನ ಯಾರರೆ ಕಸ್ಕೊಂಡ್ರ ಹ್ಯಾಂಗ ಅನಸ್ತದ? ವಿಚಾರ ಮಾಡ್ಕೊಂಡು ಬರ್ರಿ.”

ಶಾಲೆಗೆ ಬರುತ್ತಿದ್ದ ಒಬ್ಬಳೇ ಹುಡುಗಿ ಶಾಂತವ್ವ. ಮರುದಿನ ಅವಳ ಬದಲು ಅವಳ ಅಪ್ಪ ಬಂದರು.

“ಮಾಸ್ತರ್ರ, ನೀವು ಕೇಳಿದ್ದನ್ನ ಶಾಂತವ್ವ ಹೋಗಿ ಅವರವ್ವಗ ಕೇಳ್ಯಾಳ್ರಿ. ನಿನ್ನಿ ಸಂಜಿಯಿಂದ ನಮ್ಮಾಕಿ ಒಲಿ ಮುಂದ ಸುಮ್ಮ ಕುಂತಾಳ. ಎಷ್ಟು ನೆನಸಿದ್ರೂ ಒಂದೂ ಸಿಗವಲ್ದು ಅಂತಾಳ್ರಿ.”

“ನೀವೇನಂದ್ರಿ?”

“ಘತ್ತರಗಿ ದೇವಿಗಿ ಹೋಗಿ ಬರ್ತೀಯಲ್ಲ, ಅಂದೆ. ‘ಅದೂ ನೀವು ಗಾಡಿ ಹೂಡಿದಾಗ’ ಅಂದ್ಲು.”

ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಹುಡಿಗೀನ ಇನ್ನ ಕಳಸಂಗಿಲ್ರಿ. ಇಂಥಾ ಮಾತು ನಮ್ಮ ಮನಿಗಿ ಬ್ಯಾಡ.”

ಮತ್ತೆ ಕೇಳುವುದಿಲ್ಲವೆಂದು ಬೇಡಿಕೊಂಡೆ. ಕೈಮುಗಿದು ಹೊರಟೇಬಿಟ್ಟರು.

ಒಳಗೆ ಹುಡುಗರು ಉತ್ತರ ಹೇಳಲು ಕಾಯುತ್ತಿದ್ದರು. ನಾನು ಮಗ್ಗಿ ಹೇಳಿಸಿದೆ. ಮಗ್ಗಿಯ ಮೇಲೆ ಇವತ್ತಿನವರೆಗೂ ಯಾವ ಮನೆಯಿಂದಲೂ ತಕರಾರು ಬಂದಿಲ್ಲ.