ಕಾರಣ ಬರೆಯದ ನಲವತ್ಮೂರು ಸಾಲುಗಳು

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಪಟ್ಟಿ ಅಕ್ಕ ಎಂದೇ ಕರೆಯುತ್ತಿದ್ದರು. ನಾಳೆ ಯಾವ ಚಾಲಕ ಯಾವ ದಾರಿಯಲ್ಲಿ ಬಸ್ಸು ಓಡಿಸಬೇಕು ಎಂಬ ಪಟ್ಟಿ ದಿನವೂ ಮಧ್ಯಾಹ್ನ ಮೂರಕ್ಕೆ ಅವಳ ಕೋಣೆಯ ಹೊರಗೋಡೆಗೆ ಅಂಟಬೇಕು. ಮೂರಕ್ಕೆ ಐದು ನಿಮಿಷ ಇರುವಾಗಲೇ ಗೋಡೆಯ ಮುಂದೆ ಜನ ಕತ್ತು ಉದ್ದ ಮಾಡಿಕೊಂಡು ನಿಂತಿರುತ್ತಿದ್ದರು. ಮ್ಯಾನೇಜರ್ ಬಂದರೂ ಅಷ್ಟು ಜನ ಏಳುತ್ತಿರಲಿಲ್ಲ, ಪಟ್ಟಿ ಬಂದರೆ ಏಳುತ್ತಿದ್ದರು.

ಆ ಪಟ್ಟಿಯನ್ನು ತಯಾರಿಸುವ ಪ್ರೋಗ್ರಾಂ ಅವಳೇ ಬರೆದದ್ದು. ಇದನ್ನು ಹೇಳಿದರೆ ಹೊಸಬರು ನಂಬುವುದಿಲ್ಲ, ಯಾಕೆಂದರೆ ಕಡತದಲ್ಲಿ ಅವಳ ಹುದ್ದೆ ಇವತ್ತಿಗೂ ಟೈಪಿಸ್ಟ್. ಅವಳು ಸೇರಿದ ಕೆಲವು ವರ್ಷಕ್ಕೆ ಡಿಪೋಗೆ ಮೊದಲ ಕಂಪ್ಯೂಟರ್ ಬಂತು. ಅಂದಿನ ಮ್ಯಾನೇಜರ್ ಅದಕ್ಕೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು. ಎಲ್ಲಿ ಕಚ್ಚಿಬಿಡುತ್ತದೋ ಎಂಬ ಭಯ! ಟೈಪ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ದಿನ ಅವಳನ್ನು ಅದರ ಮುಂದೆ ಕೂರಿಸಿದರು. ಜೊತೆಗೆ ಬಂದಿದ್ದ ದಪ್ಪ ಪುಸ್ತಕವನ್ನು ಅವಳು ಬೈಂಡಿಂಗ್ ಕಿತ್ತುಹೋಗುವಷ್ಟು ಓದಿದಳು. ಕೇಳೋಣವೆಂದರೆ ಒಬ್ಬರಿಗೂ ಗೊತ್ತಿಲ್ಲ. ತಪ್ಪಾದರೆ ತಾನೇ ಬೈದುಕೊಂಡಳು, ಸರಿಯಾದರೆ ತಾನೇ ನಕ್ಕಳು. ಒಂದೂವರೆ ವರ್ಷಕ್ಕೆ ಪಟ್ಟಿ ತಾನಾಗಿ ಹೊರಬರತೊಡಗಿತು.

ಪ್ರೋಗ್ರಾಮಿನ ನಿಯಮ ಸರಳ: ಎಲ್ಲ ಚಾಲಕರಿಗೂ ಎಲ್ಲ ದಾರಿಗಳೂ ಸರದಿಯ ಪ್ರಕಾರ ಬರಬೇಕು, ಯಾರಿಗೂ ಪಕ್ಷಪಾತವಿಲ್ಲ. ಆದರೆ ಮನುಷ್ಯರು ಸರದಿಯ ಪ್ರಕಾರ ಬದುಕುತ್ತಾರೆಯೇ? ಒಬ್ಬೊಬ್ಬರೇ ಕಿಟಕಿಯ ಹತ್ತಿರ ಬಂದು, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಹೇಳುತ್ತಿದ್ದರು. ಒಬ್ಬನ ಹೆಂಡತಿಯನ್ನು ಮಂಗಳವಾರ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನೊಬ್ಬನಿಗೆ ಬಿಟ್ಟುಹೋದವಳ ಮನೆಯ ಮುಂದೆ ಬಸ್ಸು ಓಡಿಸುವುದು ಬೇಡ. ಅಕ್ಕ "ಆಯ್ತು, ಹೋಗಿ" ಎನ್ನುವಳು, ಅಷ್ಟೇ. ಆಮೇಲೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸುವಳು: ಇಂಥ ನಂಬರಿನ ಚಾಲಕನಿಗೆ ಇಂಥ ದಾರಿ ಬೇಡ. ಯಾಕೆ ಎಂದು ಎಲ್ಲೂ ಬರೆಯುತ್ತಿರಲಿಲ್ಲ. ಹೇಳಿದವರ ಗುಟ್ಟು ಹೇಳಿದವರದು. ಹೀಗೆ ವರ್ಷಗಳಲ್ಲಿ ನಲವತ್ಮೂರು ಸಾಲುಗಳಾದವು. ಡಿಪೋದ ಅರ್ಧ ಜನರ ಕಷ್ಟ ಅವಳ ಹೊಟ್ಟೆಯಲ್ಲಿತ್ತು. ತನ್ನ ಕಷ್ಟ ಹೇಳಿಕೊಳ್ಳಲು ಅವಳಿಗೆ ಮಾತ್ರ ಅಂಥ ಕಿಟಕಿ ಒಂದೂ ಇರಲಿಲ್ಲ.

ಮದುವೆ ಆಗಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಅದರ ಮಾತು ಹೇಗೋ ಹಿಂದೆ ಬಿತ್ತು, ಆಮೇಲೆ ಯಾರೂ ಎತ್ತಲಿಲ್ಲ. ಮಹಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆ, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಮಡಿಸಿದ ಬಟ್ಟೆ ಕೂತಿರುತ್ತಿತ್ತು.

ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಒಮ್ಮೆ ಸಂಜೆ ಕಾಲೇಜಿಗೆ ಸೇರಿದ್ದಳು, ಕಂಪ್ಯೂಟರ್ ಸೈನ್ಸ್ ಡಿಗ್ರಿಗೆ. ತನಗಿಂತ ಚಿಕ್ಕವರ ನಡುವೆ ಹಿಂದಿನ ಬೆಂಚಿನಲ್ಲಿ ಕೂತು ಮೂರು ತಿಂಗಳು ಪಾಠ ಕೇಳಿದಳು. ಒಂದು ದಿನ ಮೇಷ್ಟ್ರು ಅವಳ ಪ್ರೋಗ್ರಾಂ ನೋಡಿ, "ಚೆನ್ನಾಗಿ ಓಡುತ್ತೆ ಕಣಮ್ಮ. ಆದರೆ ಈ ಸಾಲು ಯಾಕೆ ಅಂತ ಮೇಲೆ ಒಂದು ಮಾತು ಬರೆದಿಡು" ಎಂದರು.

"ಯಾಕೆ ಅಂತ ನನ್ನ ತಲೇಲಿದೆಯಲ್ಲ ಸಾರ್."

"ತಲೆ ನಿನ್ನದು. ಪ್ರೋಗ್ರಾಂ ನಿನ್ನೊಬ್ಬಳದಾ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಓಡುವ ಪ್ರೋಗ್ರಾಂ ಬರೆದವಳಿಗೆ ಟಿಪ್ಪಣಿ ಬರೆಯುವುದನ್ನು ಕಲಿಸಲು ಬಂದರು ಇವರು! ಮರುದಿನದಿಂದ ಹೋಗಲಿಲ್ಲ. ತಾಯಿಗೆ ಹುಷಾರಿಲ್ಲ ಎಂದು ಎಲ್ಲರಿಗೂ ಹೇಳಿದಳು. ಅದು ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಈಗ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಅವಳ ಜಾಗಕ್ಕೆ ಕಂಪ್ಯೂಟರ್ ಸೈನ್ಸ್ ಓದಿದ ಹುಡುಗಿಯೊಬ್ಬಳು ಬಂದಳು. ಡಿಪೋದವರು ಅವಳಿಗೆ ಮೊದಲ ದಿನವೇ ಡಿಗ್ರಿ ಅಂತ ಹೆಸರಿಟ್ಟರು. ಅಕ್ಕ ಮೂವತ್ತು ವರ್ಷ ಮಾಡಿದ ಕೆಲಸಕ್ಕೆ ಬಂದ ದಿನವೇ ಆ ಹುಡುಗಿಗೆ ಅಧಿಕಾರಿ ಎಂಬ ಹುದ್ದೆ. ಹುಡುಗಿಯೇನೋ ಒಳ್ಳೆಯವಳು, ಮಾತುಮಾತಿಗೂ ಮೇಡಂ ಅನ್ನುತ್ತಿದ್ದಳು. ಅಕ್ಕನಿಗೆ ಅದೂ ಚುಚ್ಚುತ್ತಿತ್ತು.

ಹುಡುಗಿ ಬಂದ ವಾರದ ಭಾನುವಾರ ತಮ್ಮನ ಫೋನ್ ಬಂತು. ಬೇಕಾದಾಗ ಮಾತ್ರ ನೆನಪಾಗುವ ಅಕ್ಕ ಅವನಿಗೆ ಅವಳು. ಆದರೂ ಫೋನ್ ಬಡಿದುಕೊಂಡರೆ ಅವಳು ಒದ್ದೆ ಕೈಯಲ್ಲೇ ಓಡಿಬಂದು ಎತ್ತುತ್ತಿದ್ದಳು.

"ಅಕ್ಕ, ನಿನ್ನ ಮುದ್ದಿನ ಸೊಸೆ ಕಂಪ್ಯೂಟರ್ ಸೈನ್ಸೇ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ಸುಮ್ನೆ ನಾಲ್ಕು ವರ್ಷ ಹಾಳು ಅಂತೀನಿ ನಾನು. ಈಗೆಲ್ಲ ಫೋನಲ್ಲೇ ಕಲೀಬಹುದಂತೆ. ಮೂರು ತಿಂಗಳ ಕೋರ್ಸ್ ಮಾಡ್ಕೊಂಡು ಕೆಲಸಕ್ಕೆ ಸೇರ್ಲಿ. ನಿನ್ನೇ ನೋಡು, ಯಾವ ಡಿಗ್ರಿ ಇತ್ತು ನಿಂಗೆ? ಇಡೀ ಡಿಪೋ ನಡೆಸ್ತಿಲ್ವಾ?"

ಹಿಂದಿನಿಂದ ಅವನ ಮಗಳು ಕೂಗಿದಳು, "ಅತ್ತೆ ಏನ್ ಹೇಳ್ತಾರೋ ಅದೇ ಆಗ್ಲಿ! ಅದಕ್ಕೆ ಅಪ್ಪಾನೂ ಒಪ್ಪಿದಾರೆ. ಅತ್ತೆ, ನೀವು ಹೂಂ ಅಂದ್ರೆ ಫಾರ್ಮ್ ತುಂಬ್ತೀನಿ, ಬೇಡ ಅಂದ್ರೆ ಬಿಡ್ತೀನಿ."

ಅಕ್ಕ ಹಿಗ್ಗಿಹೋದಳು. ಮೂವತ್ತು ವರ್ಷದಲ್ಲಿ ತಮ್ಮ ಅವಳ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಉತ್ತರ ಆಗಲೇ ನಾಲಿಗೆಯ ತುದಿಯಲ್ಲಿತ್ತು: ಡಿಗ್ರಿಯಲ್ಲಿ ಏನೂ ಇಲ್ಲ, ನನ್ನನ್ನು ನೋಡಿ ಕಲಿ. ಆದರೆ ಆಗಲೇ ಹೇಳಿಬಿಟ್ಟರೆ ಮಾತು ಮುಗಿದುಹೋಗುತ್ತದಲ್ಲ! "ಯೋಚನೆ ಮಾಡಿ ಮುಂದಿನ ಭಾನುವಾರ ಹೇಳ್ತೀನಿ" ಎಂದಳು. ಒಂದು ವಾರದ ಮಟ್ಟಿಗಾದರೂ ಅವಳ ಮಾತಿಗೆ ಕಾಯುವವರಿದ್ದರು.

ಸೋಮವಾರ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋದಳು. ಜೊತೆಗೆ ಬಂದವರು ಯಾರು ಎಂಬ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ ಡಿಪೋದ ಫೋನ್ ನಂಬರ್ ಬರೆದಳು. ಮೂರು ದಿನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದಳು. ಗುರುವಾರ ಡಿಪೋಗೆ ಬಂದರೆ ಯಾರೂ ಅವಳ ಮುಖ ನೋಡಲಿಲ್ಲ.

ನಡೆದದ್ದು ಇಷ್ಟು. ಹುಡುಗಿ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿಗೆ ಹಾಕುವಾಗ ಸರದಿ ತಪ್ಪಿಸುವ ನಲವತ್ಮೂರು ಸಾಲುಗಳು ಕಣ್ಣಿಗೆ ಬಿದ್ದವು. ಯಾಕಿವೆ ಎಂದು ಗೊತ್ತಾಗಲಿಲ್ಲ. ಮ್ಯಾನೇಜರನ್ನು ಕೇಳಿದರೆ, "ಓದಿದವಳು ನೀನು, ನನ್ನನ್ನು ಕೇಳ್ತೀಯಾ?" ಎಂದರು. ಇವನ್ನು ಯಾರೋ ತಮಗೆ ಬೇಕಾದವರಿಗೆ ಮಾಡಿಕೊಟ್ಟ ಅನುಕೂಲ ಎಂದುಕೊಂಡು ಹುಡುಗಿ ತೆಗೆದುಹಾಕಿದಳು. ಬುಧವಾರದ ಪಟ್ಟಿಯಲ್ಲಿ ಉದ್ದಣ್ಣನಿಗೆ ಹದಿನಾಲ್ಕನೇ ನಂಬರಿನ ಸೇತುವೆ ದಾರಿ ಬಿತ್ತು.

ಉದ್ದಣ್ಣ ಆರಡಿ ಮೀರಿದ ಆಳು, ಮಾತು ಕಡಿಮೆ. ಹನ್ನೊಂದು ವರ್ಷದ ಹಿಂದೆ ಅವನ ಮಗಳು ಸೈಕಲ್ಲಿನಲ್ಲಿ ಹೋಗುವಾಗ ಆ ಸೇತುವೆಯ ಮೇಲೆ ಲಾರಿಗೆ ಸಿಕ್ಕಿ ತೀರಿಕೊಂಡಿದ್ದಳು. ರಜೆ ಮುಗಿಸಿ ಬಂದವನು ಕಿಟಕಿಯಲ್ಲಿ, "ಹದಿನಾಲ್ಕು ಬೇಡ ಅಕ್ಕ" ಎಂದಿದ್ದ, ಅಷ್ಟೇ. ಮಂಗಳವಾರ ಅವನು ಗೋಡೆಯ ಪಟ್ಟಿ ನೋಡಿದ, ಯಾರನ್ನೂ ಕೇಳಲಿಲ್ಲ, ಬುಧವಾರ ಬಸ್ಸು ಹತ್ತಿದ. ಸೇತುವೆ ಕಾಣುತ್ತಲೇ ಬಸ್ಸನ್ನು ಬದಿಗೆ ನಿಲ್ಲಿಸಿ, ಇಳಿದು, ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟ. ತುಂಬಿದ ಬಸ್ಸು. ಜನ ಕಿಟಕಿಯಿಂದ ಬಾಯಿಗೆ ಬಂದ ಹಾಗೆ ಬೈದರು. ಬೇರೆ ಚಾಲಕ ಬರುವವರೆಗೆ ನಲವತ್ತು ನಿಮಿಷ ಅವನು ತಲೆ ಎತ್ತಲಿಲ್ಲ. ಅಂದೇ ಹುಡುಗಿ ಆ ಪಟ್ಟಿ ಕಿತ್ತು, ಹಳೆಯ ಕಂಪ್ಯೂಟರಿನಿಂದ ತೆಗೆದ ಪಟ್ಟಿ ಅಂಟಿಸಿದಳು.

ಅಕ್ಕ ಕೇಳಿ ಕೆಂಡವಾದಳು. "ಯಾರನ್ನು ಕೇಳಿ ಮುಟ್ಟಿದೆ? ನಾಲ್ಕು ವರ್ಷ ಇದನ್ನೇನಾ ಓದಿದ್ದು?"

ಹುಡುಗಿ ಎದ್ದು ಹೋಗಲಿಲ್ಲ. "ಮೂರು ಸಲ ಫೋನ್ ಮಾಡಿದೆ ಮೇಡಂ, ಸ್ವಿಚ್ ಆಫ್ ಇತ್ತು. ತೆಗೆದಿದ್ದು ನನ್ನ ತಪ್ಪೇ. ಆದ್ರೆ ಒಂದೇ ಒಂದು ಮಾತು ಬರೆದಿಟ್ಟಿದ್ರೆ ನಾನು ಮುಟ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ನೀವು ಇರಲ್ಲ. ಆಗ ಯಾರನ್ನ ಕೇಳ್ಬೇಕಿತ್ತು ನಾನು?"

ಇಪ್ಪತ್ತೈದು ವರ್ಷದ ಹಿಂದಿನ ಆ ಮೇಷ್ಟ್ರ ದನಿ ಅಕ್ಕನ ಕಿವಿಯಲ್ಲಿ ಕೇಳಿಸಿತು. ಈ ಹುಡುಗಿಗೆ ಉದ್ದಣ್ಣ ಯಾರೆಂದು ಗೊತ್ತಿರಲಿಲ್ಲ, ನಿಜ. ಗೊತ್ತಿದ್ದವಳು ಗೊತ್ತಿದ್ದದ್ದನ್ನು ತಲೆಯಲ್ಲೇ ಇಟ್ಟುಕೊಂಡು ರಾಣಿಯ ಹಾಗೆ ಕೂತಿದ್ದಳು. ಅವಳಿಗೆ ನಾಚಿಕೆಯಾಯಿತು. ಆ ಡಿಪೋದಲ್ಲಿ ಅವಳಿಗೆ ಹಾಗೆ ಆದದ್ದು ಅದೇ ಮೊದಲು.

ಮ್ಯಾನೇಜರ್ ಉದ್ದಣ್ಣನಿಗೆ ನೋಟಿಸ್ ಬರೆಯುತ್ತಿದ್ದರು. ಅಕ್ಕ ಹೋಗಿ, ತಪ್ಪು ತನ್ನದು ಎಂದಳು.

"ಹಾಗಾದರೆ ಕಾರಣ ಬರೆದುಕೊಡಿ" ಎಂದು ಅವರು ಕಾಗದ ತಳ್ಳಿದರು.

ಅವಳು ಬರೆದಳು: ಕಾರಣ ಬರೆದಿಡದೇ ಇದ್ದದ್ದೇ ಕಾರಣ. ಮ್ಯಾನೇಜರಿಗೆ ತಲೆಬುಡ ಅರ್ಥವಾಗಲಿಲ್ಲ, ಸಹಿ ಹಾಕಿಸಿಕೊಂಡು ನೋಟಿಸನ್ನು ಹರಿದರು. ಹೊರಗೆ ಉದ್ದಣ್ಣ ನಿಂತಿದ್ದ. "ನಿಮಗೆ ಹುಷಾರಿಲ್ವಲ್ಲ ಅಕ್ಕ, ಅದಕ್ಕೇ ನಾನೂ ಕೇಳಲಿಲ್ಲ. ಓಡಿಸಿಬಿಡಬಹುದು ಅಂದ್ಕೊಂಡೆ" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶುಕ್ರವಾರ ಮತ್ತು ಶನಿವಾರ ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಸಾಲುಗಳನ್ನು ಮತ್ತೆ ಸೇರಿಸಿದರು. ಗುಟ್ಟು ಉಳಿಸಿಕೊಂಡೇ ಕಾರಣ ಬರೆಯುವ ದಾರಿಯನ್ನು ಹುಡುಗಿಯೇ ಕಂಡುಹಿಡಿದಳು: ಮನೆಯ ಕಾರಣ, ತೆಗೆಯುವ ಮುನ್ನ ಚಾಲಕರನ್ನು ಖಾಸಗಿಯಾಗಿ ಕೇಳಿ. ಬರೆದು ಮುಗಿಸಿದ ಪ್ರತಿ ಸಾಲಿಗೂ ಅಕ್ಕನ ಎದೆ ಅಷ್ಟಷ್ಟು ಹಗುರಾಯಿತು, ಅಷ್ಟಷ್ಟು ಖಾಲಿಯೂ ಆಯಿತು. ಯಂತ್ರಕ್ಕೆ ಕಾರಣ ಗೊತ್ತಾದ ಮೇಲೆ ಅವಳನ್ನು ಕೇಳುವವರು ಯಾರು?

ನಲವತ್ಮೂರನೆಯ ಸಾಲಿಗೆ ಬಂದರು. ಸಂಜೆ ಐದು ನಲವತ್ತರ ಬಸ್ಸಿಗೆ ಯಾವಾಗಲೂ ಒಬ್ಬನೇ ಚಾಲಕ, ಹತ್ತೊಂಬತ್ತು ವರ್ಷದಿಂದ.

"ಇದಕ್ಕೆ ಏನು ಬರೀಲಿ ಮೇಡಂ? ಇವರಿಗೇನು ತೊಂದರೆ?"

ಆ ಚಾಲಕನಿಗೆ ತೊಂದರೆ ಏನೂ ಇರಲಿಲ್ಲ. ಅವನನ್ನು ಎಲ್ಲರೂ ಕನ್ನಡಕದಣ್ಣ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಅಕ್ಕನ ಕಾಲು ಉಳುಕಿದ್ದಾಗ, ಅಲ್ಲಿ ನಿಲ್ದಾಣ ಇಲ್ಲದಿದ್ದರೂ ಅವಳ ಮನೆಯ ಗೇಟಿನ ಮುಂದೆಯೇ ಬಸ್ಸು ನಿಲ್ಲಿಸಿ, "ಹುಷಾರಾಗಿ ಇಳೀರಿ" ಎಂದಿದ್ದ. ಮರುದಿನವೂ ನಿಲ್ಲಿಸಿದ. ಮೂರನೆಯ ದಿನ ಅವಳು ಆ ಸಾಲು ಬರೆದಳು. ಕಾಲು ವಾಸಿಯಾಯಿತು, ಸಾಲು ಉಳಿಯಿತು. ದಿನಕ್ಕೊಂದು "ಹುಷಾರಾಗಿ ಇಳೀರಿ" ಬಿಟ್ಟರೆ ಅವರಿಬ್ಬರ ನಡುವೆ ಬೇರೆ ಮಾತಿರಲಿಲ್ಲ. ಅವನಿಗೆ ಮನೆ, ಮಕ್ಕಳು ಎಲ್ಲ ಇದ್ದರು. ಅವಳಿಗೆ ಅದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ, ಅಷ್ಟು ಮಾತ್ರ ಬೇಕಾಗಿತ್ತು.

"ಅದಕ್ಕೆ ಕಾರಣ ಇಲ್ಲ. ತೆಗೆದುಬಿಡು" ಎಂದಳು.

ಭಾನುವಾರ ಹತ್ತು ಗಂಟೆಗೆ ಫೋನ್ ಬಂತು. "ಹೇಳು ಅಕ್ಕ, ನಿನ್ನ ಬಾಯಿಂದಲೇ ಕೇಳ್ಲಿ ಇವಳು" ಎಂದ ತಮ್ಮ.

"ಓದ್ಲಿ. ಸೇರ್ಸು."

"ಏನ್ ಅಕ್ಕ ನೀನು? ಡಿಗ್ರಿ ಇಲ್ದೆನೇ ನೀನು..."

"ಡಿಗ್ರಿ ಬಂದ ಮಾತ್ರಕ್ಕೆ ಎಲ್ಲಾ ತಿಳಿಯುತ್ತೆ ಅಂತ ನಾನು ಹೇಳ್ತಿಲ್ಲ. ನಮ್ಮಲ್ಲಿಗೆ ಬಂದಿರೋ ಹುಡುಗಿಗೆ ಬಸ್ಸೊಳಗೆ ಕೂತಿರೋರು ಯಾರು ಅಂತ ಗೊತ್ತಿರಲಿಲ್ಲ. ಆದ್ರೆ ನಾನು ಒಬ್ಬಳೇ ಕೂತು ಕಲಿತೆ ಕಣೋ, ಅದಕ್ಕೇ ನನ್ನೊಬ್ಬಳಿಗೇ ಅರ್ಥ ಆಗೋ ಹಾಗೆ ಬರೆದೆ. ಅದ್ರಿಂದ ಈ ವಾರ ಒಬ್ಬ ಮನುಷ್ಯ ರಸ್ತೇಲಿ ಕೂತ್ಕೋಬೇಕಾಯ್ತು. ನಾಲ್ಕು ಜನರ ಮಧ್ಯೆ ಕೂತು, ಯಾಕೆ ಹೀಗೆ ಮಾಡ್ದೆ ಅಂತ ಕೇಳಿಸ್ಕೊಂಡು, ಉತ್ತರ ಹೇಳಿ ಕಲೀಲಿ ಅವಳು. ನಾನು ಕೇಳಿಸ್ಕೊಳ್ಳದೆ ಎದ್ದು ಬಂದೆ. ಅಮ್ಮನಿಗೆ ಹುಷಾರಿಲ್ಲ ಅಂದಿದ್ದು ನೆಪ."

ತಮ್ಮನ ಕೈಯಿಂದ ಮಗಳು ಫೋನ್ ಕಿತ್ತುಕೊಂಡು, "ಥ್ಯಾಂಕ್ಸ್ ಅತ್ತೆ! ಫಾರ್ಮ್ ತುಂಬಬೇಕು, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟಳು. ಮಾತು ಒಂದೂವರೆ ನಿಮಿಷದಲ್ಲಿ ಮುಗಿದಿತ್ತು. ಅಕ್ಕ ಸಂಜೆಯವರೆಗೆ ಫೋನನ್ನು ಹತ್ತಿರವೇ ಇಟ್ಟುಕೊಂಡಿದ್ದಳು, ಅದು ಬಡಿದುಕೊಳ್ಳಲಿಲ್ಲ.

ಸೋಮವಾರ ಮೂರಕ್ಕೆ ಹೊಸ ಕಂಪ್ಯೂಟರಿನ ಪಟ್ಟಿಯನ್ನು ಹುಡುಗಿಯೇ ಅಂಟಿಸಿದಳು. ಕನ್ನಡಕದಣ್ಣ ಐದು ನಲವತ್ತರ ಎದುರು ಬೆರಳಿಟ್ಟು ಹುಡುಕಿದ, ತನ್ನ ಹೆಸರು ಬೇರೆ ಕಡೆ ಸಿಕ್ಕಿತು. ತಿರುಗಿ ಕಿಟಕಿಯತ್ತ ನೋಡಿದ. ಅಕ್ಕ ತಲೆ ತಗ್ಗಿಸಿ ಖಾಲಿ ಹಾಳೆಗಳನ್ನು ಜೋಡಿಸುತ್ತಿದ್ದಳು.

ಮಂಗಳವಾರ ಸಂಜೆ ಐದು ನಲವತ್ತರ ಬಸ್ಸಿನಲ್ಲಿ ಬೇರೆ ಚಾಲಕನಿದ್ದ, ಒಳ್ಳೆಯವನೇ. ಅಕ್ಕ ಅಭ್ಯಾಸಬಲದಿಂದ ಗೇಟು ಬರುವ ಮೊದಲೇ ಎದ್ದು ಬಾಗಿಲಿಗೆ ಬಂದು ಕಂಬಿ ಹಿಡಿದು ನಿಂತಳು. ಬಸ್ಸು ನಿಲ್ಲಲಿಲ್ಲ. ಅಲ್ಲಿ ನಿಲ್ದಾಣವಿಲ್ಲವಲ್ಲ, ನಿಲ್ಲಬೇಕಾದ ಕಾರಣ ಎಲ್ಲೂ ಬರೆದಿರಲಿಲ್ಲ. ಅವಳು ಮುಂದಿನ ನಿಲ್ದಾಣದಲ್ಲಿ ಇಳಿದು, "ಹುಷಾರಾಗಿ" ಎಂದು ತನಗೆ ತಾನೇ ಹೇಳಿಕೊಂಡು, ಬಂದ ದಾರಿಯಲ್ಲೇ ಮನೆಗೆ ನಡೆದಳು.