ದನಿ ಕಳೆದುಕೊಂಡ ಗಣಿತದ ಮೇಷ್ಟ್ರು

ಮೊನ್ನೆ ಮಗಳ ಕೆಮ್ಮಿಗೆಂದು ಚಿಂತಾಮಣಿಯ ಗ್ರಂಥಿಗೆ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ಡಬ್ಬದ ಮುಚ್ಚಳ ತೆಗೆದು ಜೇಷ್ಠಮಧುವಿನ ಕಡ್ಡಿಗಳನ್ನು ಕಾಗದದ ಮೇಲೆ ಸುರಿದರು. ಸಿಹಿಯೂ ಮಣ್ಣೂ ಬೆರೆತಂಥ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಏನು ತಗೊಳ್ಳೋಕೆ ಬಂದೆ ಅನ್ನುವುದೇ ಮರೆತು ನಿಂತುಬಿಟ್ಟೆ. ಒಂದು ಕಾಲದಲ್ಲಿ ನಮ್ಮ ಸ್ಟಾಫ್ ರೂಮಿನ ತುಂಬ ಇದೇ ವಾಸನೆ ಇರುತ್ತಿತ್ತು. ನಮ್ಮ ಗಣಿತದ ಮೇಷ್ಟ್ರು ಗಂಟಲಿಗೆ ಒಳ್ಳೆಯದೆಂದು ದಿನವಿಡೀ ಒಂದು ಕಡ್ಡಿಯನ್ನು ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದರು...

ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಕನ್ನಡ ಟೀಚರಾಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಶಿಡ್ಲಘಟ್ಟ ದಾಟಿ ಚಿಂತಾಮಣಿಯ ಕಡೆಗೆ ಹೋಗುವಾಗ ಒಳಗಡೆ ಸಿಗುವ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲು. ಹಳೆಯ ಹೆಂಚಿನ ಕಟ್ಟಡ; ಕೋಣೆಗಳ ನಡುವಿನ ಗೋಡೆ ಸೂರಿನವರೆಗೂ ಮುಟ್ಟುತ್ತಿರಲಿಲ್ಲ. ಒಂದು ಕ್ಲಾಸಿನ ಮಾತು ಗೋಡೆ ಹತ್ತಿ ಇನ್ನೊಂದು ಕ್ಲಾಸಿಗೆ ಇಳಿಯುತ್ತಿತ್ತು. ನನ್ನ ಒಂಬತ್ತನೇ ಕ್ಲಾಸಿನ ಪಕ್ಕದಲ್ಲೇ ಮೇಷ್ಟ್ರ ಹತ್ತನೇ ಕ್ಲಾಸು. ಅವರದೋ ಬಸ್ ನಿಲ್ದಾಣದವರೆಗೆ ಕೇಳಿಸುವ ಗಂಟಲು. ನಾನಿಲ್ಲಿ ಪದ್ಯ ಓದುತ್ತಿದ್ದರೆ ಅಲ್ಲಿಂದ "ಪಕ್ಷಾಂತರ ಮಾಡಿದ್ರೆ ಚಿಹ್ನೆ ಬದಲಾಗುತ್ತೆ" ಎಂದು ಗುಡುಗು. ನನ್ನ ಮಕ್ಕಳು ಪದ್ಯದ ನಡುವೆ ಅದನ್ನೂ ಸೇರಿಸಿಕೊಂಡು ಮೆಲ್ಲಗೆ ರಾಗ ಎಳೆಯುತ್ತಿದ್ದರು.

ಅವರು ಗೌರಿಬಿದನೂರು ಕಡೆಯವರು. ಶಿಡ್ಲಘಟ್ಟದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಮೊಪೆಡ್‌ನಲ್ಲಿ ಬರುತ್ತಿದ್ದರು. ಕೆಲಸ ತಪ್ಪಿಸಿದವರಲ್ಲ, ಪಾಠ ಮುಗಿಸದೆ ಬಿಟ್ಟವರಲ್ಲ. ಆದರೆ ಮುಖದಲ್ಲಿ ಯಾವತ್ತೂ ಗೆಲುವಿರಲಿಲ್ಲ. ನಮ್ಮ ಮಕ್ಕಳು ಬೆಳಗ್ಗೆ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆ ಹುಳಕ್ಕೆ ಹಾಕಿ, ಆಮೇಲೆ ಸ್ಕೂಲಿಗೆ ಬರುವವರು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅರ್ಧ ಕ್ಲಾಸು ಖಾಲಿ. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ಮಕ್ಕಳು ಗಣಿತದಲ್ಲೇ ಮುಗ್ಗರಿಸುತ್ತಿದ್ದರು. "ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ" ಎಂದು ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ಕುಸಿಯುತ್ತಿದ್ದರು. ಪಿಂಚಣಿಗೆ ಇನ್ನೆಷ್ಟು ವರ್ಷ ಎಂಬ ಲೆಕ್ಕ ಅವರ ಬಾಯಲ್ಲೇ ಇರುತ್ತಿತ್ತು. ನೀವಿನ್ನೂ ಚಿಕ್ಕೋರು, ಬೇರೆ ಏನಾದರೂ ಪರೀಕ್ಷೆ ಬರೆದು ಹೊರಟುಬಿಡಿ, ಇಲ್ಲೇ ಕೂತರೆ ನನ್ನ ಹಾಗೆ ಆಗ್ತೀರಿ ಎಂದು ನನಗೂ ಹೇಳಿದ್ದರು. ನಾನು ಅದನ್ನು ನಂಬಿ ಬ್ಯಾಂಕ್ ಪರೀಕ್ಷೆಯ ಪುಸ್ತಕ ಕೊಂಡಿದ್ದೆ.

ಆ ವರ್ಷ ಮಳೆಗಾಲದಲ್ಲಿ ಅವರ ಗಂಟಲು ಕಟ್ಟಿತು. ಮೆಣಸಿನ ಕಷಾಯ, ಬಿಸಿನೀರು, ಜೇಷ್ಠಮಧು, ಯಾವುದಕ್ಕೂ ಬಗ್ಗಲಿಲ್ಲ. ಗುಡುಗು ಹೋಗಿ ಗೊರಗೊರ ಆಯಿತು. ಒಂದು ದಿನ ಅದೂ ಇಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ನೋಡಿದಾಗ ಗಂಟಲೊಳಗೆ ಗಂಟಾಗಿದೆ ಅಂದರು. ಆಪರೇಷನ್ ಆಯಿತು. ಗಾಯ ಮಾಯುವವರೆಗೆ, ಅಂದರೆ ಕೆಲವು ತಿಂಗಳು, ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂ ಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು.

ಅವರು ವರ್ಷ ಮುಗಿಯುವವರೆಗೆ ರಜೆ ಹಾಕುತ್ತಾರೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಅವರ ಜಾಗಕ್ಕೆ ಬೇರೆ ಯಾರೂ ಬರುವ ಹಾಗಿರಲಿಲ್ಲ. ದೀಪಾವಳಿ ರಜೆ ಮುಗಿದ ದಿನ ನೋಡಿದರೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಮೇಷ್ಟ್ರು ಮೊಪೆಡ್‌ನಿಂದ ಇಳಿಯುತ್ತಿದ್ದಾರೆ. ಹೆಡ್‌ಮಾಸ್ಟರು ಗಾಬರಿಯಾಗಿ, ಮಾತೇ ಆಡದೆ ಗಣಿತ ಹೇಗೆ ಸಾರ್ ಎಂದು ಕೇಳಿದರು. ಮೇಷ್ಟ್ರು ಜೇಬಿನಿಂದ ಒಂದು ಸೀಮೆಸುಣ್ಣ ತೆಗೆದು ತೋರಿಸಿ, ಕ್ಲಾಸಿನ ಕಡೆ ನಡೆದರು.

ನಾನು ನನ್ನ ಕ್ಲಾಸಿನಲ್ಲಿ ಪಾಠ ನಿಲ್ಲಿಸಿ ಕಿವಿ ಕೊಟ್ಟು ನಿಂತಿದ್ದೆ. ಗೋಡೆಯಾಚೆ ಮೊದಲು ಗಲಾಟೆ, ನಗು, ಬೆಂಚು ಎಳೆದಾಡುವ ಸದ್ದು. ಯಾರೋ ಮೇಷ್ಟ್ರ ಹಳೇ ದನಿಯನ್ನೇ ಅಣಕಿಸಿ "ಚಿಹ್ನೆ ಬದಲಾಗುತ್ತೆ" ಅಂದರು. ಮೇಷ್ಟ್ರು ಬೈಯುವ ಹಾಗಿಲ್ಲವಲ್ಲ... ಅವರ ಕಡೆಯಿಂದ ಬೋರ್ಡಿನ ಮೇಲೆ ಸೀಮೆಸುಣ್ಣದ ಟಕಟಕ ಮಾತ್ರ ಕೇಳುತ್ತಿತ್ತು. ಆ ಟಕಟಕವನ್ನು ಕೇಳಿಸಿಕೊಳ್ಳಬೇಕಾದರೆ ಮಕ್ಕಳು ಸುಮ್ಮನಾಗಬೇಕಿತ್ತು. ಸ್ವಲ್ಪ ಹೊತ್ತಿಗೆ ನಿಜಕ್ಕೂ ಸುಮ್ಮನಾದರು. ಕಿಟಕಿಯಿಂದ ಬಗ್ಗಿ ನೋಡಿದೆ. ಮೇಷ್ಟ್ರು ಒಂದು ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, ಸೀಮೆಸುಣ್ಣವನ್ನು ಮಕ್ಕಳ ಕಡೆಗೆ ಚಾಚಿಕೊಂಡು ನಿಂತಿದ್ದರು. ಯಾರೂ ಏಳಲಿಲ್ಲ. ಬೆಲ್ ಹೊಡೆಯುವವರೆಗೂ ಅವರು ಹಾಗೇ ನಿಂತಿದ್ದರು. ಮರುದಿನವೂ ಹಾಗೇ.

ಕೊನೆಗೊಂದು ದಿನ ನಾನು ಕಿಟಕಿಯಿಂದ ನೋಡುತ್ತಿದ್ದಾಗ ಎದ್ದವಳು ಸುಜಾತ. ಕೊನೆ ಬೆಂಚಿನ ಹುಡುಗಿ. ಅವಳ ತಾಯಿ ಗೂಡಿನಿಂದ ನೂಲು ತೆಗೆಯುವ ಫಿಲೇಚರಿನಲ್ಲಿ ಕೂಲಿಗೆ ಹೋಗುತ್ತಿದ್ದರು, ಮನೆಮಾತು ತೆಲುಗು. ಹಾಜರಿಗೆ ಓಗೊಡುವುದು ಬಿಟ್ಟರೆ ಅವಳ ಬಾಯಿಂದ ಬೇರೊಂದು ಮಾತು ನಾವ್ಯಾರೂ ಕೇಳಿರಲಿಲ್ಲ. ಅವಳು ಬಂದು ಬರೆದದ್ದು ತಪ್ಪಾಗಿತ್ತು. ಸಮ ಚಿಹ್ನೆಯ ಆಚೆ ಪಕ್ಕದಿಂದ ಸಂಖ್ಯೆಯನ್ನು ಈಚೆಗೆ ತಂದಿದ್ದಳು, ಕೂಡುವುದನ್ನು ಕಳೆಯುವುದಾಗಿ ಬದಲಾಯಿಸಿರಲಿಲ್ಲ. ಮೊದಲಿನ ಮೇಷ್ಟ್ರಾಗಿದ್ದರೆ ಸೂರು ಹಾರಿಹೋಗುತ್ತಿತ್ತು. ಈಗ ಅವರು ಅವಳು ಬರೆದ ಸಾಲನ್ನೇ ನೋಡಿದರು, ಅವಳ ಮುಖ ನೋಡಿದರು, ಯಾಕೆ ಅನ್ನುವ ಹಾಗೆ ಅಂಗೈ ತಿರುಗಿಸಿದರು. ಅವಳು ತಲೆ ತಗ್ಗಿಸಿಕೊಂಡು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು.

"ಆ ಕಡೆಯಿಂದ ಈ ಕಡೆ ಬಂದ ಮಾತ್ರಕ್ಕೆ ಚಿಹ್ನೆ ಎಂದುಕು ಬದಲಾಗ್ಬೇಕು ಸಾರ್? ಸಂಖ್ಯೆ ಅದೇ ಅಲ್ವಾ?"

ಇಷ್ಟು ವರ್ಷ ಅವರು ಕೂಗಿ ಕೂಗಿ ಹೇಳಿದ ಮಾತು ಅದು. ಯಾಕೆ ಎಂದು ಒಂದು ಮಗುವೂ ಕೇಳಿರಲಿಲ್ಲ. ಕೇಳುವಷ್ಟು ಬಿಡುವನ್ನು ಆ ದನಿ ಕೊಟ್ಟೇ ಇರಲಿಲ್ಲವೇನೋ. ಮೇಷ್ಟ್ರು ಬೋರ್ಡಿನ ಕಡೆಗೆ ತಿರುಗಿದರು. ಆಮೇಲೆ ಸಮ ಚಿಹ್ನೆಯ ಜಾಗದಲ್ಲಿ ಒಂದು ತಕ್ಕಡಿ ಬರೆದರು. ಎರಡು ತಟ್ಟೆಗೂ ತೂಕ ಇಟ್ಟರು. ಒಂದು ತಟ್ಟೆಯಿಂದ ಒಂದು ತೂಕದ ಬಟ್ಟನ್ನು ಅಳಿಸಿ, ಮಕ್ಕಳ ಕಡೆ ನೋಡಿದರು. ಗೂಡು ತೂಗುವುದನ್ನು ಹುಟ್ಟಿದಾಗಿನಿಂದ ನೋಡಿದ ಮಕ್ಕಳು ಅವರು. "ಈ ಕಡೆಯೂ ತೆಗೀಬೇಕು ಸಾರ್!" ಎಂದು ಹತ್ತಾರು ದನಿ ಒಟ್ಟಿಗೆ ಎದ್ದವು. ದಾಟುವುದೂ ಇಲ್ಲ, ಬದಲಾಗುವುದೂ ಇಲ್ಲ, ಎರಡೂ ಕಡೆಯಿಂದ ಅಷ್ಟಷ್ಟೇ ತೆಗೆಯುವುದು ಎಂದು ಸುಜಾತಳೇ ಉಳಿದವರಿಗೆ ಬಿಡಿಸಿ ಹೇಳತೊಡಗಿದಳು. ಗೋಡೆಯ ಈಚೆ ನನ್ನ ಮಕ್ಕಳೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಆಮೇಲೆ ಆ ಕ್ಲಾಸು ಜೇನುಗೂಡಿನ ಹಾಗಾಯಿತು. ಮೇಷ್ಟ್ರು ಬರೆಯುವುದು, ಮಕ್ಕಳು ಓದಿ ಹೇಳುವುದು, ಒಬ್ಬರಿಗೊಬ್ಬರು ತಿದ್ದುವುದು, ಜಗಳವಾಡುವುದು. ಹುಳ ಹಣ್ಣಾದ ದಿನವೂ ಕೆಲವರು ಗಣಿತದ ಹೊತ್ತಿಗೆ ಓಡಿ ಬಂದು, ಮುಗಿದ ಮೇಲೆ ಓಡಿ ಹೋಗುತ್ತಿದ್ದರು.

ಆದರೆ ಊರಿನಲ್ಲಿ ಬೇರೆ ಮಾತು ಹಬ್ಬಿತ್ತು. ಮೂಗ ಮೇಷ್ಟ್ರು ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಹಾಳು ಮಾಡುತ್ತಿದ್ದಾರೆ ಅನ್ನುವುದು. ಶಾಲಾ ಸಮಿತಿಯ ಅಧ್ಯಕ್ಷರು ಹಿಪ್ಪುನೇರಳೆ ತೋಟದ ದೊಡ್ಡ ಕುಳ. ಅವರ ಮಗನೂ ಅದೇ ಕ್ಲಾಸಿನಲ್ಲಿದ್ದ. ಮೇಷ್ಟ್ರನ್ನು ರಜೆ ಮೇಲೆ ಕಳಿಸಿ, ಇಲ್ಲದಿದ್ದರೆ ಮೇಲಿನವರಿಗೆ ಬರೆಯುತ್ತೇವೆ ಎಂದು ಹೇಳಲು ಅವರು ಒಂದು ಬೆಳಗ್ಗೆ ಬಂದರು. ಹೆಡ್‌ಮಾಸ್ಟರು ಹೆದರಿ ಆಗಲಿ ಅನ್ನುವುದರಲ್ಲಿದ್ದರು. ಒಂದು ಸಲ ಕ್ಲಾಸಿನಲ್ಲಿ ಕೂತು ನೋಡಿ ಎಂದು ನಾನೇ ಬಾಯಿಬಿಟ್ಟೆ. ಹೊಸ ಟೀಚರ್ ನಾನು, ಆ ಧೈರ್ಯ ಎಲ್ಲಿಂದ ಬಂತೋ...

ಅಧ್ಯಕ್ಷರು ಕೊನೆ ಬೆಂಚಿನಲ್ಲಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕೂತರು. ಮೇಷ್ಟ್ರು ಅವರ ಕಡೆ ನೋಡಲೂ ಇಲ್ಲ. ಎಂದಿನ ಹಾಗೆ ಒಂದು ಲೆಕ್ಕ ಬರೆದು ಪಕ್ಕಕ್ಕೆ ಸರಿದರು. ಅಧ್ಯಕ್ಷರ ಮಗ ಎದ್ದು ಬಿಡಿಸಿದ. ಸುಜಾತ ಕೂತಲ್ಲಿಂದಲೇ "ಅಟ್ಲ ಕಾದು" ಅಂದಳು. ಹಾಗಲ್ಲ ಅಂದರೆ ಹೇಗೆ ತೋರಿಸು ಎಂದು ಅವನು. ಅವಳು ಬಂದು ತೋರಿಸಿದಳು. ಅವನು ಒಪ್ಪಲಿಲ್ಲ, ವಾದ ಮಾಡಿದ, ಕೊನೆಗೆ ತನ್ನ ಸಾಲನ್ನು ತಾನೇ ಒರೆಸಿದ. ಹೊರಗೆ ಬಂದ ಅಧ್ಯಕ್ಷರು ಜಗಲಿಯ ಮೇಲೆ ನಿಂತಿದ್ದ ನನ್ನ ಕಡೆ ತಿರುಗಿದರು.

"ನಮ್ಮ ಹುಡ್ಗ ಮನೇಲಿ ಕೇಳಿದ್ದಕ್ಕೂ ಬಾಯಿ ಬಿಡಲ್ಲ ಮೇಡಂ. ಇಲ್ಲಿ ನೋಡಿದ್ರೆ ಆ ಫಿಲೇಚರಮ್ಮನ ಮಗಳ ಹತ್ರ ಸೋತು, ನಗ್ತಾ ಬಂದು ಕೂತ್ಕೊಂಡ."

ರಜೆಯ ಮಾತು ಅಲ್ಲಿಗೆ ನಿಂತಿತು.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ಮಾತಾಡಲು ಅಪ್ಪಣೆ ಕೊಟ್ಟರು. ವಿಷಯ ಹೇಗೋ ಮಕ್ಕಳಿಗೆ ತಿಳಿದಿತ್ತು. ಅಂದು ಗೋಡೆಯಾಚೆ ಉಸಿರಿನ ಸದ್ದೂ ಇಲ್ಲ. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಮೇಷ್ಟ್ರು ಲೆಕ್ಕ ಬರೆದು ತಿರುಗಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಗುಡುಗು ಹೋಗಿ, ತಗ್ಗಿದ, ಮರಳು ಮರಳಾದ ದನಿಯೊಂದು ಹೊರಗೆ ಬಂತು.

"ಸುಜಾತ, ನೀನು ಹೇಳಮ್ಮ."

ಅಲ್ಲಿಯವರೆಗೆ ಅವರು ಯಾವ ಮಗುವನ್ನೂ ಹೆಸರು ಹಿಡಿದು ಕರೆದಿರಲಿಲ್ಲ. ಏಯ್ ಕೊನೆ ಬೆಂಚು, ಏಯ್ ಕಿಟಕಿ ಅನ್ನುತ್ತಿದ್ದರು. ಸುಜಾತ ಎದ್ದು ನಿಂತಳು, ಮಾತು ಹೊರಡಲಿಲ್ಲ. ಮೇಷ್ಟ್ರು ಕಾದರು. ಕಾಯುವುದನ್ನು ಆ ಹೊತ್ತಿಗೆ ಅವರು ಚೆನ್ನಾಗಿ ಕಲಿತಿದ್ದರು.

ಆ ವರ್ಷ ಎಲ್ಲರೂ ಪಾಸಾದರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಆದರೆ ಗಣಿತದಲ್ಲಿ ಫೇಲಾದವರು ಹಿಂದಿಗಿಂತ ತುಂಬ ಕಡಿಮೆ. ಸುಜಾತ ಪಾಸಾದಳು. ಅಧ್ಯಕ್ಷರ ಮಗ ಗಣಿತ ಗೆದ್ದು ಇಂಗ್ಲಿಷಿನಲ್ಲಿ ಫೇಲಾದ. ನನ್ನನ್ನು ದಂಗುಬಡಿಸಿದ್ದು ಫಲಿತಾಂಶವಲ್ಲ, ಆ ಮನುಷ್ಯ. ಐವತ್ತು ದಾಟಿದ ಮೇಲೆ, ಬೇಸತ್ತು ಹಣ್ಣಾದ ಮೇಲೆ, ಬೆಳಗ್ಗೆ ಮೊಪೆಡ್ ನಿಲ್ಲಿಸಿ ಹುಡುಗನ ಹಾಗೆ ಸರಸರ ಕ್ಲಾಸಿಗೆ ನಡೆಯುತ್ತಿದ್ದರು. ಸಂಬಳ ಅದೇ, ಸೋರುವ ಹೆಂಚು ಅದೇ, ಸೊಪ್ಪು ಕೊಯ್ದು ಬರುವ ಮಕ್ಕಳೂ ಅವರೇ. ಪಿಂಚಣಿಯ ಮಾತು ಮಾತ್ರ ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತ ನಾನು ಕೇಳಿಯೇಬಿಟ್ಟೆ, ಈಗ ಬೇಜಾರಾಗಲ್ವಾ ಸಾರ್ ಎಂದು.

"ಇಷ್ಟು ವರ್ಷ ನನ್ನ ದನಿಯೊಂದೇ ನನಗೆ ಕೇಳ್ತಿತ್ತು ಕಣಮ್ಮ," ಅಂದರು. "ಇವು ಒಳಗೊಳಗೇ ಏನು ಯೋಚ್ನೆ ಮಾಡ್ತವೆ ಅಂತ ಕೇಳ್ಸೇ ಇರ್ಲಿಲ್ಲ. ದಿನಾ ಏನಾದ್ರೊಂದು ಹೊಸದು ಹೇಳ್ತವೆ. ಬೇಜಾರಾಗೋಕೆ ಪುರುಸೊತ್ತೆಲ್ಲಿ?"

ಬ್ಯಾಂಕ್ ಪರೀಕ್ಷೆಯ ಪುಸ್ತಕವನ್ನು ನಾನು ಯಾರಿಗೋ ಕೊಟ್ಟೆ. ಇಂದಿಗೂ ಟೀಚರಾಗಿಯೇ ಇದ್ದೇನೆ.

ನಿವೃತ್ತಿಯಾದ ಮೇಲೆ ಅವರು ಗೌರಿಬಿದನೂರಿಗೆ ಹೋದರು. ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. ಬರುತ್ತೇನೆ ಬರುತ್ತೇನೆ ಅನ್ನುತ್ತಲೇ ವರ್ಷಗಳು ಕಳೆದವು. ಹೋದ ವರ್ಷ ಸುಜಾತ ಫೋನ್ ಮಾಡಿದಳು. ಈಗವಳು ಮುರುಗಮಲ್ಲದಲ್ಲಿ ಗಂಡನ ಜೊತೆ ಅಂಗಡಿ ನೋಡಿಕೊಳ್ಳುತ್ತಾಳೆ. "ಮೇಷ್ಟ್ರು ಹೋಗ್ಬಿಟ್ರಂತೆ ಮೇಡಂ," ಅಂದಳು. ಅವಳಿಗೂ ತಡವಾಗಿ ತಿಳಿದಿತ್ತು. ಮಣ್ಣು ಮಾಡಿ ಆಗಿತ್ತು.

ಅಂಗಡಿಯವರು ಪೊಟ್ಟಣ ಕಟ್ಟಿ ಕೈಗಿಟ್ಟು, ಇನ್ನೇನು ಬೇಕು ಎಂದು ಎರಡನೇ ಸಲ ಕೇಳಿದಾಗ ಎಚ್ಚರವಾಯಿತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅವರ ದನಿಯನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಆ ಮೊದಲಿನ ಗುಡುಗು ಕರೆದ ಕೂಡಲೇ ಬರುತ್ತದೆ, ಒಂದೊಂದು ಅಕ್ಷರವೂ ಕೇಳಿಸುತ್ತದೆ. ನನಗೆ ಬೇಕಾದದ್ದು ಅದಲ್ಲ. ಹೆಸರು ಹಿಡಿದು ಮಕ್ಕಳನ್ನು ಕರೆದ ಆ ತಗ್ಗಿದ, ಮರಳು ಮರಳಾದ ದನಿ... ಅದು ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.